ಟ್ವೈನ್ ಜೊತೆ ನಾಲ್ಕು ತಿಂಗಳು: ಓಬವ್ವನ ಕಿಂಡಿ ಆಟವಾದದ್ದು ಹೀಗೆ

ಹಾಸ್ಟೆಲ್ ರೂಮಿನ ನೆಲದ ಮೇಲೆ 41 ಚೀಟಿ ಹರಡಿಕೊಂಡು ಕೂತಿದ್ದೆ. ದಾವಣಗೆರೆಯ ಮಾರ್ಚ್ ಬಿಸಿಲು ಗೊತ್ತಲ್ಲ? ಆದರೂ ಫ್ಯಾನ್ ಹಾಕುವ ಹಾಗಿರಲಿಲ್ಲ. ಒಂದೊಂದು ಚೀಟಿಯಲ್ಲೂ ಕಥೆಯ ಒಂದು ತುಂಡು. ಕೆಳಗೆ ಎರಡೋ ಮೂರೋ ಆಯ್ಕೆ. ಆಯ್ಕೆಯ ಮುಂದೆ ಇನ್ನೊಂದು ಚೀಟಿಯ ನಂಬರು. 17ನೇ ಚೀಟಿಯಿಂದ 22ಕ್ಕೆ ಹೋಗಬೇಕು, ಅಲ್ಲಿಂದ 9ಕ್ಕೆ ವಾಪಸ್ ಬರಬೇಕು. ರೂಮ್‌ಮೇಟ್ ಬಾಗಿಲು ತೆಗೆದಳು. ಗಾಳಿ ಬಂತು. ಅರ್ಧ ಕಥೆ ಮಂಚದ ಕೆಳಗೆ ಹೋಯಿತು.

ಮಾರನೇ ದಿನ ಮೇಡಂ ಹತ್ತಿರ ಹೇಳಿಕೊಂಡೆ. "ಟ್ವೈನ್ ನೋಡಿದೀಯಾ?" ಅಂತ ಕೇಳಿದರು. ನೋಡಿರಲಿಲ್ಲ. ಅವತ್ತು ಸಂಜೆಯೇ ತೆರೆದೆ. ನೆಲದ ಮೇಲೆ ನಾನು ಮಾಡುತ್ತಿದ್ದ ಕೆಲಸವೇ ಪರದೆಯ ಮೇಲೆ ಇತ್ತು. ಚೌಕ ಚೌಕದ ಚೀಟಿಗಳು, ಒಂದರಿಂದ ಇನ್ನೊಂದಕ್ಕೆ ಬಾಣ. ಇಲ್ಲಿ ಗಾಳಿಯ ಭಯ ಇಲ್ಲ.

ನಾನು ಬಿಸಿಎ ಕೊನೆಯ ವರ್ಷದವಳು. ಊರು ಚಿತ್ರದುರ್ಗ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಗೇಮ್ ಡಿಸೈನ್ ಪೇಪರಿನ ಪ್ರಾಜೆಕ್ಟಿಗೆ ನಾಲ್ಕು ತಿಂಗಳು ಟ್ವೈನ್ ಬಳಸಿದ್ದೇನೆ. ಕನ್ನಡದಲ್ಲಿ ಆಟ ಬರೆಯುವ ಆಸೆ ಇದ್ದವರಿಗೆ ಉಪಯೋಗ ಆಗಲಿ ಅಂತ ಈ ವಿಮರ್ಶೆ ಬರೆಯುತ್ತಿದ್ದೇನೆ. ಸಾಫ್ಟ್‌ವೇರ್ ಬಗ್ಗೆ ಮಾತ್ರ ಹೇಳಿದರೆ ಅರ್ಧ ಹೇಳಿದ ಹಾಗೆ. ಓದುವುದು, ಬರೆಯುವುದು ಅಂದರೆ ಏನು ಅಂತ ನನಗೆ ಅದು ಹೊಸದಾಗಿ ಕಲಿಸಿತು. ಆ ಭಾಗವೇ ಇಲ್ಲಿ ಜಾಸ್ತಿ ಇರುತ್ತದೆ.

ಟ್ವೈನ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಓದುಗ ಆಯ್ಕೆ ಮಾಡುತ್ತಾ ಮುಂದೆ ಹೋಗುವ ಕಥೆಗಳನ್ನು ಬರೆಯುವ ಸಾಧನ ಇದು. ಅಮೆರಿಕದ ಕ್ರಿಸ್ ಕ್ಲೈಮಸ್ 2009ರಲ್ಲಿ ಹೊರತಂದರು. ಪೂರ್ತಿ ಉಚಿತ, ಓಪನ್ ಸೋರ್ಸ್. ಬ್ರೌಸರಿನಲ್ಲೇ ಬಳಸಬಹುದು. ಇಲ್ಲವಾದರೆ ವಿಂಡೋಸ್, ಮ್ಯಾಕ್, ಲಿನಕ್ಸ್ ಯಾವುದಕ್ಕಾದರೂ ಇಳಿಸಿಕೊಳ್ಳಬಹುದು. ಚೀಟಿಗೆ ಅಲ್ಲಿ ಪ್ಯಾಸೇಜ್ ಅನ್ನುತ್ತಾರೆ. ಒಂದು ಮಾತನ್ನು ಎರಡೆರಡು ಚೌಕ ಆವರಣದ ನಡುವೆ ಬರೆದರೆ ಅದು ಲಿಂಕ್ ಆಗುತ್ತದೆ. [[ಬಾಗಿಲು ತೆರೆಯುತ್ತೇನೆ]] ಅಂತ ಬರೆದ ತಕ್ಷಣ ಆ ಹೆಸರಿನ ಹೊಸ ಚೀಟಿ ತಾನಾಗಿ ಹುಟ್ಟುತ್ತದೆ, ಬಾಣವೂ ಬೀಳುತ್ತದೆ. ಇಷ್ಟು ಕಲಿಯಲು ಹತ್ತು ನಿಮಿಷ ಸಾಕು. ಕೋಡಿಂಗ್ ಬರದ ನನ್ನ ಬಿಎ ಗೆಳತಿ ಒಂದು ಗಂಟೆಯಲ್ಲಿ ಸಣ್ಣ ಕಥೆ ಮಾಡಿ ಮುಗಿಸಿದಳು. ಚೀಟಿಗೆ ಕನ್ನಡದ ಹೆಸರೇ ಇಡಬಹುದು. ನನಗೆ ಮೊದಲು ಖುಷಿ ಕೊಟ್ಟದ್ದು ಅದೇ.

ಈಗ ಸ್ವಲ್ಪ ಹಿಂದಕ್ಕೆ ಹೋಗಬೇಕು. ಆ ಪೇಪರಿನ ಮೊದಲ ಅಸೈನ್‌ಮೆಂಟಿಗೆ ಕಂಪ್ಯೂಟರೇ ಬೇಕಿರಲಿಲ್ಲ. ಚೌಕಾಬಾರದ ನಿಯಮ ಬರೆದು ತನ್ನಿ ಅಂದರು ಮೇಡಂ. ಒಂದೇ ಪುಟ. ಆಟ ಗೊತ್ತೇ ಇಲ್ಲದವರು ಅದನ್ನು ಓದಿ ಆಡಬೇಕು. ಬರೆದವರು ಪಕ್ಕದಲ್ಲಿ ಕೂರಬೇಕು, ಬಾಯಿ ಬಿಡಬಾರದು. ಹುಟ್ಟಿದಾಗಿನಿಂದ ಆಡಿದ ಆಟ, ಅದರಲ್ಲೇನಿದೆ ಅಂದುಕೊಂಡೆ. ಐದು ಸಾಲು, ಸಾಲಿಗೆ ಐದು ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ ಅಂತ ಶುರು ಮಾಡಿದೆ. ಚೆನ್ನಾಗಿಯೇ ಬರೆದೆ ಅನ್ನಿಸಿತ್ತು.

ನನ್ನ ಪುಟ ಸಿಕ್ಕಿದ್ದು ಚೌಕಾಬಾರ ಆಡಿಯೇ ಇರದ ಇಬ್ಬರು ಹುಡುಗರಿಗೆ. ಮೂರನೇ ಸಾಲಿಗೇ ನಿಂತರು. "ಕಾಯಿ ಕಡಿದರೆ ಇನ್ನೊಂದು ಸಲ ಹಾಕಬಹುದು" ಅಂತ ಬರೆದಿದ್ದೆ. ಕಡಿಯುವುದು ಅಂದರೆ ಏನು ಅಂತ ಬರೆದಿರಲಿಲ್ಲ. "ಬಾರ ಬಿದ್ದರೆ" ಅಂತ ಬರೆದಿದ್ದೆ. ನಾಲ್ಕು ಕವಡೆಯೂ ಕವುಚಿ ಬಿದ್ದರೆ ಅದು ಬಾರ, ಎಂಟು ಮನೆ ನಡೆಯಬೇಕು ಅಂತ ಹೇಳಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಪುಟದಲ್ಲಿಯೂ ಇದೆ ಅಂತ ನಂಬಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡು ಕೂತ ಆ ಹದಿನೈದು ನಿಮಿಷ ನನಗೆ ಬಹಳ ಕಷ್ಟವಾಯಿತು. ಅವರು ತಪ್ಪಾಗಿ ಆಡುತ್ತಿದ್ದಾರೆ, ನನಗೆ ಕಾಣುತ್ತಿದೆ, ಹೇಳುವ ಹಾಗಿಲ್ಲ. ತಪ್ಪು ಅವರದಲ್ಲ, ನನ್ನ ಪುಟದ್ದು. ಅದೇ ಹೊತ್ತಿಗೆ ಹರಿಹರದ ಗೆಳತಿಗೂ ಜಗಳೂರಿನ ಹುಡುಗನಿಗೂ ಜೋರು ಚರ್ಚೆ ನಡೆದಿತ್ತು. ಒಂದು ಕಾಯಿಯನ್ನಾದರೂ ಕಡಿಯದೆ ಒಳಗಿನ ಸುತ್ತಿಗೆ ಹೋಗುವ ಹಾಗಿಲ್ಲ ಅಂತ ಅವಳು, ನಮ್ಮ ಮನೆಯಲ್ಲಿ ಹಾಗೇನೂ ಇಲ್ಲ ಅಂತ ಅವನು. ಇಬ್ಬರ ಪುಟದಲ್ಲೂ ಆ ನಿಯಮದ ಸುದ್ದಿಯೇ ಇರಲಿಲ್ಲ!

ಓದುವುದಕ್ಕೂ ಮೇಡಂ ಒಂದು ಕ್ರಮ ಹಾಕಿಕೊಟ್ಟಿದ್ದರು. ಯಾವ ಆಟವನ್ನಾದರೂ ಮೂರು ಸಲ ಓದಬೇಕು. ಮೊದಲ ಸಲ ಸುಮ್ನೆ ಆಡುವುದು. ಎರಡನೇ ಸಲ ನೋಟ್‌ಬುಕ್ ಇಟ್ಟುಕೊಂಡು ಆಡುವುದು. ಮೂರನೇ ಸಲ ಬೇಕಂತಲೇ ಎಲ್ಲ ತಪ್ಪು ಆಯ್ಕೆ ಮಾಡುವುದು. ಹೆಚ್ಚು ಕಲಿತದ್ದು ಮೂರನೆಯದರಿಂದ. ಬರೆದವರು ಎಲ್ಲಿ ದಣಿದಿದ್ದಾರೆ ಅಂತ ಆಗ ಗೊತ್ತಾಗುತ್ತದೆ. ಒಳ್ಳೆಯ ದಾರಿಯ ಚೀಟಿಗಳು ಚೆಂದ ಇರುತ್ತವೆ, ತಪ್ಪು ದಾರಿಯಲ್ಲಿ ಒಂದೇ ಸಾಲು, ನೀನು ಸತ್ತೆ, ಮತ್ತೆ ಶುರು ಮಾಡು ಅಂತ.

ನಾವು ಓದಬೇಕಾಗಿದ್ದ ಆಟಗಳೆಲ್ಲ ಇಂಗ್ಲಿಷಿನವು. ನನ್ನ ಇಂಗ್ಲಿಷ್ ನಿಧಾನ. ಉದ್ದದ ವರ್ಣನೆ ಬಂದರೆ ಸಾಲು ತಪ್ಪುತ್ತಿತ್ತು. ಅದಕ್ಕೆ ಒಂದು ಉಪಾಯ ಮಾಡಿಕೊಂಡೆ. ಮೊದಲು ಕ್ರಿಯಾಪದ ಮಾತ್ರ ಹುಡುಕುವುದು. ಇಲ್ಲಿ ನಾನು ಏನೇನು ಮಾಡಬಹುದು? ನೋಟ್‌ಬುಕ್ಕಿನ ಎಡಪುಟದಲ್ಲಿ ಆ ಕ್ರಿಯಾಪದಗಳು, ಬಲಪುಟದಲ್ಲಿ ಮಾಡಿದರೆ ಏನಾಯಿತು ಅಂತ. ವರ್ಣನೆಯನ್ನು ಆಮೇಲೆ ಓದುವುದು. ಕಷ್ಟ ಕಳೆದುಕೊಳ್ಳಲು ಮಾಡಿದ ಉಪಾಯ ಇದು. ಆಮೇಲೆ ನೋಡಿದರೆ ಆಟದ ಮೂಳೆಯೇ ಎಡಪುಟದಲ್ಲಿ ಕಾಣುತ್ತಿತ್ತು. ಈಗ ಕನ್ನಡದ ಕಥೆ ಓದಿದರೂ ಅದೇ ಅಭ್ಯಾಸ ಬಂದುಬಿಟ್ಟಿದೆ.

ಬರೀ ಅಕ್ಷರದ ಆಟಗಳ ಹಳೆಯ ಕಥೆ ಕ್ಲಾಸಿನಲ್ಲಿ ಕೇಳಿದಾಗ ನನಗೆ ನಮ್ಮೂರೇ ನೆನಪಾಯಿತು. ವಿಲ್ ಕ್ರೌದರ್ ಅನ್ನುವ ಪ್ರೋಗ್ರಾಮರ್ ಇದ್ದರು. ಗುಹೆಗಳಲ್ಲಿ ಓಡಾಡುವ, ಅವುಗಳ ನಕ್ಷೆ ಮಾಡುವ ಹವ್ಯಾಸ ಅವರದು. ಕೆಂಟಕಿಯ ಮ್ಯಾಮತ್ ಗುಹೆಯನ್ನೇ ಇಟ್ಟುಕೊಂಡು 1970ರ ದಶಕದ ನಡುವೆ ಒಂದು ಆಟ ಬರೆದರು. ತಮ್ಮ ಹೆಣ್ಣುಮಕ್ಕಳು ಆಡಲಿ ಅಂತಲೂ ಮನಸ್ಸಿನಲ್ಲಿತ್ತಂತೆ. ಒಂದೂ ಚಿತ್ರವಿಲ್ಲ. ಒಂದೆರಡು ಪದ ಟೈಪ್ ಮಾಡಿದರೆ ಮುಂದಿನ ಕೋಣೆ. 1977ರಲ್ಲಿ ಡಾನ್ ವುಡ್ಸ್ ಅದನ್ನು ಇನ್ನಷ್ಟು ಬೆಳೆಸಿದರು. ಗುಹೆ ಅಂದರೆ ನಮಗೇನು ಹೊಸದಾ? ಚಂದ್ರವಳ್ಳಿಯ ಅಂಕಲಿ ಮಠದ ಒಳಗೆ ಟಾರ್ಚ್ ಹಿಡಿದುಕೊಂಡು ಇಳಿದವರು ನಾವು. ತಲೆ ಬಗ್ಗಿಸು, ಕೈಯಿಟ್ಟು ಗೋಡೆ ಹುಡುಕು, ಎಡಕ್ಕೆ ತಿರುಗು. ಆ ಕತ್ತಲೆಯೂ ಕ್ರಿಯಾಪದಗಳಿಂದಲೇ ಆದದ್ದು. ನಾನೂ ನಮ್ಮೂರಿನ ಕಲ್ಲಿನಿಂದಲೇ ಆಟ ಬರೆಯುತ್ತೇನೆ ಅಂತ ಆ ಕ್ಲಾಸಿನಲ್ಲೇ ನಿರ್ಧಾರ ಮಾಡಿದೆ.

ಓಬವ್ವನ ಕಥೆ ನಿಮಗೆಲ್ಲ ಗೊತ್ತು. ಮದಕರಿ ನಾಯಕರ ಕಾಲ. ಹೈದರಾಲಿಯ ಸೈನ್ಯ ಕೋಟೆಯನ್ನು ಮುತ್ತಿತ್ತು. ಕಾವಲಿನ ಗಂಡ ಊಟಕ್ಕೆ ಬಂದಿದ್ದ. ನೀರಿಗೆ ಹೋದವಳಿಗೆ ಕಿಂಡಿಯ ಹತ್ತಿರ ಸದ್ದು ಕೇಳಿತು. ಒನಕೆ ಹಿಡಿದು ನಿಂತಳು. ಕೋಟೆ ಕೊನೆಗೆ ಬಿದ್ದದ್ದು 1779ರಲ್ಲಿ. ಅದು ಬೇರೆ ಕಥೆ, ನನ್ನ ಆಟದಲ್ಲಿ ಇಲ್ಲ.

ಬರೆಯಲು ಕೂತ ಮೇಲೆ ಮೊದಲ ಪೆಟ್ಟು ಲೆಕ್ಕದಿಂದ ಬಿತ್ತು. ಪ್ರತಿ ಚೀಟಿಯಲ್ಲೂ ಎರಡೇ ಆಯ್ಕೆ ಅಂತಿಟ್ಟುಕೊಳ್ಳಿ. ಹತ್ತು ಸಲ ಆಯ್ಕೆ ಮಾಡಿದರೆ ಕಥೆ ಮುಗಿಯಬೇಕು. ಒಂದು ದಾರಿಯೂ ಇನ್ನೊಂದನ್ನು ಸೇರುವುದಿಲ್ಲ ಅಂದರೆ 1,024 ಕೊನೆಗಳು ಬೇಕು. ಒಟ್ಟು 2,047 ಚೀಟಿ. ಒಂದು ಸೆಮಿಸ್ಟರಿನಲ್ಲಿ ಆಗುವ ಕೆಲಸ ಅಲ್ಲ.

ದಾರಿ ತೋರಿಸಿದ್ದು ಕೋಟೆಯೇ. ಒಂದು ಶನಿವಾರ ಬಸ್ ಹತ್ತಿ ಊರಿಗೆ ಹೋದೆ. ನೋಟ್‌ಬುಕ್ ಹಿಡಿದು ಕೋಟೆಯಲ್ಲಿ ಇಡೀ ದಿನ ನಡೆದೆ. ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಆದರೆ ಅವತ್ತು ಓದಲಿಕ್ಕೆ ಅಂತ ಹೋಗಿದ್ದೆ. ಒಂದು ಬಾಗಿಲು ದಾಟಿದರೆ ಮುಂದಿನ ಬಾಗಿಲು ಎದುರಿಗೆ ಕಾಣುವುದಿಲ್ಲ. ದಾರಿ ಮುರಿದು ತಿರುಗುತ್ತದೆ. ಆನೆ ಓಡಿ ಬಂದು ಬಾಗಿಲು ಗುದ್ದಬಾರದು ಅಂತ ಹಾಗೆ ಕಟ್ಟಿದ್ದು. ಒಳಗೆ ಬಂದ ಮೇಲೆ ದಾರಿ ಬಿಡಿಬಿಡಿ. ಏಕನಾಥೇಶ್ವರಿ ಗುಡಿಯ ಕಡೆ ಹೋಗಬಹುದು, ಹಿಡಿಂಬೇಶ್ವರನ ಕಡೆ ಹೋಗಬಹುದು, ಗೋಪಾಲಸ್ವಾಮಿ ಹೊಂಡದ ಹತ್ತಿರ ಕೂರಬಹುದು. ಹೊರಗೆ ಬರಲು ಮತ್ತೆ ಅದೇ ಬಾಗಿಲು. ಅಲ್ಲೇ ಮೆಟ್ಟಿಲ ಮೇಲೆ ಕೂತು ನನ್ನ ಕಥೆಯ ನಕ್ಷೆ ಬರೆದೆ. ಓದುಗ ಬೇರೆ ಬೇರೆ ದಾರಿ ಹಿಡಿಯಲಿ, ನಾಲ್ಕು ಬಾಗಿಲ ಹತ್ತಿರ ಎಲ್ಲರೂ ಬಂದು ಸೇರಲಿ. ಸದ್ದು ಕೇಳುವುದು ಒಂದು ಬಾಗಿಲು. ಒನಕೆ ಎತ್ತುವುದು ಒಂದು. ಹೀಗೆ. ಒಳಗಿನ ಓಡಾಟದಲ್ಲಿ ಏನು ಮಾಡಿದರು ಅನ್ನುವುದನ್ನು ಟ್ವೈನ್ ನೆನಪಿಟ್ಟುಕೊಳ್ಳುತ್ತದೆ. ಅದಕ್ಕೆ ವೇರಿಯಬಲ್ ಅನ್ನುತ್ತಾರೆ. ನೀರು ತುಂಬಿದಳಾ, ಕೊಡ ಎಲ್ಲಿದೆ, ಎಷ್ಟು ಸಲ ಒನಕೆ ಎತ್ತಿದಳು. ಬಾಗಿಲ ಹತ್ತಿರ ಅದನ್ನು ನೋಡಿ ಸಾಲು ಬದಲಾಗುತ್ತದೆ. 2,047 ಚೀಟಿ 63ಕ್ಕೆ ಇಳಿಯಿತು.

ಟ್ವೈನಿನ ದೊಡ್ಡ ಗುಣ ನನಗೆ ಗೊತ್ತಾದದ್ದು ಆಗಲೇ. ಬರೆದದ್ದು ದೂರದಿಂದ ಕಾಣುತ್ತದೆ. ವರ್ಡ್ ಫೈಲಿನಲ್ಲಿ ಬರೆದರೆ ಕಥೆ ಉದ್ದಕ್ಕೆ ಹರಿಯುತ್ತದೆ, ಅಷ್ಟೇ. ಇಲ್ಲಿ ಬಾಣಗಳನ್ನು ನೋಡಿದರೆ ಸಾಕು. ಎಲ್ಲಿ ಓದುಗನಿಗೆ ಆಯ್ಕೆಯೇ ಇಲ್ಲ, ಎಲ್ಲಿ ಸುಮ್ನೆ ಆಯ್ಕೆ ತುಂಬಿದ್ದೇನೆ, ಯಾವ ಚೀಟಿಗೆ ಯಾರೂ ಬರುವುದೇ ಇಲ್ಲ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ನನ್ನ ಚೀಟಿಗಳಲ್ಲಿ ಐದಕ್ಕೆ ಬಾಣವೇ ಬಂದಿರಲಿಲ್ಲ. ಅದರಲ್ಲಿ ಒಂದು ನಾನು ಬಹಳ ಪ್ರೀತಿಯಿಂದ ಬರೆದ ಚೀಟಿ.

ಕನ್ನಡದಲ್ಲಿ ಬರೆಯುವವರಿಗೆ ಮಾತ್ರ ಬರುವ ಪ್ರಶ್ನೆಗಳೂ ಇವೆ. ಓದುಗನನ್ನು ಏನಂತ ಕರೆಯುವುದು? ಇಂಗ್ಲಿಷಿನಲ್ಲಿ ಒಂದೇ ಪದ, ತೊಂದರೆ ಇಲ್ಲ. ನಮಗೆ ನೀನು ಬೇಕಾ, ನೀವು ಬೇಕಾ? ಓಬವ್ವನ ಜಾಗದಲ್ಲಿ ಓದುಗ ನಿಂತಿದ್ದಾನೆ. "ನೀವು ಕೊಡ ಎತ್ತಿಕೊಳ್ಳುತ್ತೀರಿ" ಅಂತ ಬರೆದರೆ ಬ್ಯಾಂಕಿನ ಫಾರಂ ಓದಿದ ಹಾಗಿತ್ತು. "ನೀನು" ಅಂತ ಬರೆಯಲು ಭಯ. ಅಜ್ಜಿಯನ್ನು ಕೇಳಿದೆ. "ಅವ್ವನ್ನ ನೀನು ಅನ್ನದೆ ಇನ್ನೇನಂತಾರೆ? ದೇವ್ರಿಗೂ ನೀನು ಅಂತೀವಲ್ಲವ್ವ" ಅಂದಳು. ಅಲ್ಲಿಗೆ ಅದು ಮುಗಿಯಿತು.

ಆಯ್ಕೆಗಳ ಮಾತು ಇನ್ನೂ ಕಷ್ಟ. "ಒನಕೆ ಎತ್ತು" ಅಂತ ಲಿಂಕ್ ಇಟ್ಟಿದ್ದೆ. ಓದುಗ ಓಬವ್ವನಿಗೆ ಅಪ್ಪಣೆ ಮಾಡಿದ ಹಾಗೆ ಕೇಳಿಸುತ್ತಿತ್ತು. "ಒನಕೆ ಎತ್ತುತ್ತೇನೆ" ಅಂತ ಬದಲಾಯಿಸಿದೆ. ಅದನ್ನು ಒತ್ತುವಾಗ ಓದುಗನೇ ಮಾತು ಕೊಟ್ಟ ಹಾಗಾಗುತ್ತದೆ. ಚೀಟಿಯ ತುಂಬ ನೀನು, ಲಿಂಕಿನಲ್ಲಿ ಮಾತ್ರ ನಾನು. ಎರಡೂ ಸೇರಿ ಒಂದು ಸಂಭಾಷಣೆಯ ಹಾಗೆ ಆಯಿತು.

ಇನ್ನೊಂದು ವಿಷಯ ಬರೆದು ಬರೆದು ಗೊತ್ತಾಯಿತು. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಓದುಗ ಇಡೀ ಸಾಲು ದಾಟಿ ಬಂದ ಮೇಲೆ ಬೆರಳು ಅಲ್ಲಿ ನಿಲ್ಲುತ್ತದೆ. ಲಿಂಕಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಅದಕ್ಕೆ ಒಂದು ನಿಯಮ ಮಾಡಿಕೊಂಡೆ. ಸಾಲಿನ ನಡುವೆ ನಾಮಪದ ಲಿಂಕ್ ಆಗಿದ್ದರೆ ಅದು ನೋಡುವುದಕ್ಕೆ. ಕೊಡ, ಒಲೆ, ಕಿಂಡಿ, ಗಂಡನ ಕಹಳೆ. ಒತ್ತಿದರೆ ಅದರ ಬಗ್ಗೆ ಎರಡು ಸಾಲು ಬರುತ್ತದೆ, ಕಥೆ ಮುಂದೆ ಹೋಗುವುದಿಲ್ಲ. ಸಾಲಿನ ಕೊನೆಯ ಕ್ರಿಯಾಪದ ಲಿಂಕ್ ಆಗಿದ್ದರೆ ಅದು ಮಾಡುವುದಕ್ಕೆ. ಒತ್ತಿದರೆ ವಾಪಸ್ ಬರುವ ಹಾಗಿಲ್ಲ. ಈ ನಿಯಮವನ್ನು ಎಲ್ಲೂ ಬರೆದು ತಿಳಿಸಿಲ್ಲ. ಆದರೂ ಆಡಿದವರೆಲ್ಲ ಐದಾರು ಚೀಟಿ ಕಳೆಯುವಷ್ಟರಲ್ಲಿ ಕಲಿತುಬಿಟ್ಟರು. ಚೌಕಾಬಾರದ ಪುಟದಲ್ಲಿ ಸೋತ ನನಗೆ ಇದು ದೊಡ್ಡ ಸಂತೋಷ.

ಅಜ್ಜಿಗೆ ಓದಿ ಹೇಳಿದ ರಾತ್ರಿಯ ಬಗ್ಗೆ ಹೇಳಲೇಬೇಕು. ಅವಳಿಗೆ ಫೋನಿನ ಸಣ್ಣ ಅಕ್ಷರ ಕಾಣುವುದಿಲ್ಲ. ನಾನು ಓದುತ್ತಿದ್ದೆ, ಅವಳು ಆಯ್ಕೆ ಹೇಳುತ್ತಿದ್ದಳು. ಸದ್ದು ಕೇಳಿದ ಚೀಟಿ ಬಂತು. ನಾನು ಇಟ್ಟಿದ್ದ ಆಯ್ಕೆ ಎರಡು. ಗಂಡನನ್ನು ಎಬ್ಬಿಸುತ್ತೇನೆ. ಒನಕೆ ಎತ್ತಿಕೊಳ್ಳುತ್ತೇನೆ.

"ಉಣ್ಣಾಕೆ ಕುಂತೋನ್ನ ಎಬ್ಬಿಸ್ತಾರೇನವ್ವ?" ಅಂತ ಕೇಳಿದಳು.

"ಹಾಗಾದರೆ ಒನಕೆನಾ ಅಜ್ಜಿ?"

"ತಡಿ. ನೀರು ತಗಂಡು ಬಂದ್ಲಲ್ಲ, ಮೊದ್ಲು ಆ ನೀರು ಗಂಡನ ಮುಂದೆ ಇಡಬೇಕು. ಗಂಟಲಿಗೆ ಸಿಕ್ಕಿಕೊಂಡ್ರೆ?"

ಆ ಆಯ್ಕೆ ನನ್ನ ಹತ್ತಿರ ಇರಲಿಲ್ಲ. ಶತ್ರು ಕಿಂಡಿಯಲ್ಲಿ ತಲೆ ಹಾಕಿದ್ದಾನೆ, ಇವಳು ಗಂಡನಿಗೆ ನೀರು ಇಡುತ್ತಾಳೆ ಅನ್ನುವುದು ನನಗೆ ಹೊಳೆದಿರಲಿಲ್ಲ. ನಾನು ವೀರರ ಕಥೆ ಬರೆಯುತ್ತಿದ್ದೆ. ಅಜ್ಜಿ ಮನೆಯ ಕಥೆ ಕೇಳುತ್ತಿದ್ದಳು. ನೀರಿಗೆ ಅಂತ ಹೋದವಳು ಬರೀ ಕೈಯಲ್ಲಿ ಬರುವುದಿಲ್ಲ ಅನ್ನುವುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವತ್ತು ರಾತ್ರಿಯೇ ಆ ಚೀಟಿ ಬರೆದೆ. ಲೋಟ ಇಡುವ ಸದ್ದು, ಗಂಡ ತಲೆ ಎತ್ತದೆ ಉಣ್ಣುವುದು, ಅವಳು ಮೂಲೆಯ ಒನಕೆಯ ಕಡೆ ನೋಡುವುದು. ನನ್ನ ಆಟದಲ್ಲಿ ಎಲ್ಲಕ್ಕಿಂತ ಒಳ್ಳೆಯ ಚೀಟಿ ಅದೇ. ಮೇಡಂ ಕೂಡ ಹಾಗೇ ಅಂದರು.

ಅವತ್ತಿನಿಂದ ನನ್ನ ಬರೆಯುವ ಕ್ರಮವೇ ಬದಲಾಯಿತು. ಮೊದಲು ಚೀಟಿ ಬರೆಯುತ್ತೇನೆ, ಆಯ್ಕೆ ಖಾಲಿ ಬಿಡುತ್ತೇನೆ. ಯಾರಿಗಾದರೂ ಓದಿ, ನೀನಾಗಿದ್ದರೆ ಏನು ಮಾಡುತ್ತಿದ್ದೆ ಅಂತ ಕೇಳುತ್ತೇನೆ. ಮೂರು ಜನರ ಉತ್ತರ ಬಂದ ಮೇಲೆ ಲಿಂಕ್ ಹಾಕುತ್ತೇನೆ. ಹಾಸ್ಟೆಲಿನ ಸಂಜೆಗಳಲ್ಲಿ ಖಾರ ಮಂಡಕ್ಕಿ, ಮಿರ್ಚಿ ನಡುವೆ ಇಟ್ಟುಕೊಂಡು ಎಷ್ಟೋ ಆಯ್ಕೆಗಳು ಹುಟ್ಟಿದ್ದು ಹೀಗೆ.

ಕಿಂಡಿಯ ಚೀಟಿಯಲ್ಲಿ ಟ್ವೈನ್ ನನಗೆ ಬಹಳ ಸಹಾಯ ಮಾಡಿತು. ಅದು ತನಗೆ ತಾನೇ ಲಿಂಕ್ ಆಗಿರುವ ಚೀಟಿ. "ಮತ್ತೆ ಒನಕೆ ಎತ್ತುತ್ತೇನೆ" ಅಂತ ಒತ್ತಿದರೆ ಅದೇ ಚೀಟಿ ಮತ್ತೆ ಬರುತ್ತದೆ, ಆದರೆ ಸಾಲು ಪ್ರತಿ ಸಲ ಸಣ್ಣದಾಗುತ್ತದೆ. ಮೊದಲ ಸಲ ತಲೆಯ ರುಮಾಲು, ಉಸಿರು, ಕಣ್ಣು ಎಲ್ಲ ಇದೆ. ಆಮೇಲೆ ರುಮಾಲು ಮಾತ್ರ. ಕೊನೆಗೆ ಎರಡೇ ಪದ. ಹೆಣ ಎಳೆದು ಬದಿಗೆ ಹಾಕುವುದಕ್ಕೆ ಬೇರೆ ಲಿಂಕ್ ಇದೆ. ಎಳೆಯದಿದ್ದರೆ ಮುಂದಿನವನಿಗೆ ಗೊತ್ತಾಗಿಬಿಡುತ್ತದೆ. ಎಂಟನೇ ಕ್ಲಾಸಿನ ನನ್ನ ಚಿಕ್ಕಪ್ಪನ ಮಗ ಉತ್ಸಾಹದಿಂದ ಶುರು ಮಾಡಿದ. ಹನ್ನೊಂದು ಸಲ ಒತ್ತಿದ ಮೇಲೆ ಫೋನ್ ಕೆಳಗಿಟ್ಟು, "ಇನ್ನೂ ಎಷ್ಟು ಜನ ಬರ್ತಾರೆ ಅಕ್ಕಾ?" ಅಂತ ಕೇಳಿದ. ಅವನ ದನಿ ತಗ್ಗಿತ್ತು. ನಾನು ಬಯಸಿದ್ದು ಅದೇ ದನಿ.

ಈಗ ತೊಂದರೆಗಳ ಕಡೆ ಬರುತ್ತೇನೆ. ಇವು ಗೊತ್ತಿರಬೇಕು.

ಬ್ರೌಸರಿನಲ್ಲಿ ಬಳಸಿದರೆ ಟ್ವೈನ್ ನಿಮ್ಮ ಕಥೆಯನ್ನು ಆ ಬ್ರೌಸರಿನೊಳಗೇ ಇಡುತ್ತದೆ. ಬೇರೆಲ್ಲೂ ಇಡುವುದಿಲ್ಲ, ಅಕೌಂಟ್ ಅಂತ ಏನೂ ಇಲ್ಲ. ಬ್ರೌಸರಿನ ಡೇಟಾ ಅಳಿಸಿದರೆ ಕಥೆಯೂ ಹೋಯಿತು. ನಾನು ಒಂದು ಲ್ಯಾಬಿನ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೆ. ಒಂದು ಸೋಮವಾರ ಹೋಗಿ ನೋಡಿದರೆ ಪಟ್ಟಿ ಖಾಲಿ. 23 ಚೀಟಿ ಹೋಗಿತ್ತು. ಬಹಳ ಅತ್ತೆ. ಆಮೇಲೆ ನೆನಪಿನಿಂದ ಮತ್ತೆ ಬರೆಯಲು ಕೂತಾಗ ಒಂದು ವಿಷಯ ಕಂಡಿತು. ಅಜ್ಜಿಗೋ ಗೆಳತಿಯರಿಗೋ ಗಟ್ಟಿಯಾಗಿ ಓದಿದ್ದ ಚೀಟಿಗಳು ಹೆಚ್ಚುಕಡಿಮೆ ಪದಕ್ಕೆ ಪದ ಬಂದವು. ಬರೀ ಟೈಪ್ ಮಾಡಿ ಬಿಟ್ಟಿದ್ದವು ಒಂದೂ ನೆನಪಾಗಲಿಲ್ಲ. ಈಗ ಪ್ರತಿ ಚೀಟಿಯನ್ನೂ ಮುಗಿದ ತಕ್ಷಣ ಗಟ್ಟಿಯಾಗಿ ಓದುತ್ತೇನೆ. ಜೊತೆಗೆ ದಿನದ ಕೊನೆಗೆ ಆರ್ಕೈವ್ ಒತ್ತಿ ಫೈಲ್ ಇಳಿಸಿಕೊಂಡು ನನಗೇ ಮೇಲ್ ಮಾಡಿಕೊಳ್ಳುತ್ತೇನೆ. ಸ್ವಂತ ಲ್ಯಾಪ್‌ಟಾಪ್ ಇದ್ದವರು ಸಾಫ್ಟ್‌ವೇರ್ ಇಳಿಸಿಕೊಳ್ಳುವುದೇ ಒಳ್ಳೆಯದು. ಆಗ ಕಥೆಗಳು ಒಂದು ಫೋಲ್ಡರಿನಲ್ಲಿ ಫೈಲ್ ಆಗಿಯೇ ಇರುತ್ತವೆ.

ಎರಡನೆಯದು ಸ್ಟೋರಿ ಫಾರ್ಮ್ಯಾಟ್, ಅಂದರೆ ಆಟ ಹೇಗೆ ಕಾಣಬೇಕು, ಹೇಗೆ ನಡೆಯಬೇಕು ಅಂತ ಹೇಳುವ ಚೌಕಟ್ಟು. ಹಾರ್ಲೋ, ಶುಗರ್‌ಕ್ಯೂಬ್, ಚಾಪ್‌ಬುಕ್, ಸ್ನೋಮ್ಯಾನ್ ಅಂತ ನಾಲ್ಕು ಟ್ವೈನ್ ಜೊತೆಗೇ ಬರುತ್ತವೆ. ಏನೂ ಬದಲಾಯಿಸದಿದ್ದರೆ ಸಿಗುವುದು ಹಾರ್ಲೋ. ಲಿಂಕ್ ಹಾಕುವುದು ಎಲ್ಲದರಲ್ಲೂ ಒಂದೇ. ವೇರಿಯಬಲ್, ಷರತ್ತು ಬರೆಯುವ ರೀತಿ ಮಾತ್ರ ಬೇರೆ ಬೇರೆ. ಅರ್ಧ ಕಥೆ ಬರೆದ ಮೇಲೆ ಬದಲಾಯಿಸಿದರೆ ಅದನ್ನೆಲ್ಲ ಮತ್ತೆ ಬರೆಯಬೇಕು. ಶುಗರ್‌ಕ್ಯೂಬಿನಲ್ಲಿ ಆಟವನ್ನು ಸೇವ್ ಮಾಡುವ ವ್ಯವಸ್ಥೆ ಸಿದ್ಧವಾಗಿಯೇ ಬರುತ್ತದೆ. ಉದ್ದದ ಆಟವಾದರೆ ಅದನ್ನು ತಗೊಳ್ಳಿ. ನನ್ನದು ಇಪ್ಪತ್ತು ನಿಮಿಷದ ಆಟ, ಹಾರ್ಲೋ ಸಾಕಾಯಿತು. ಹಾರ್ಲೋದಲ್ಲಿ ಪಕ್ಕದಲ್ಲಿ ಒಂದು ಹಿಂದಕ್ಕೆ ಹೋಗುವ ಬಾಣ ಇರುತ್ತದೆ. ಮಾಡಿದ್ದನ್ನು ಮಾಡಿಲ್ಲ ಅನ್ನಬಹುದು. ಓಬವ್ವನ ಕಥೆಗೆ ಅದು ಹೊಂದುವುದಿಲ್ಲ ಅನ್ನಿಸಿ, ಆಟ ಹೇಗೆ ಕಾಣಬೇಕು ಅಂತ ಬರೆಯುವ ಸ್ಟೈಲ್‌ಶೀಟಿನಲ್ಲಿ ಒಂದು ಸಾಲು ಬರೆದು ಅಡಗಿಸಿದೆ.

ಕನ್ನಡದ ಅಕ್ಷರ ನೋಡಲು ಚೆಂದ ಬರಬೇಕಾದರೆ ಸ್ವಲ್ಪ ಕೆಲಸ ಇದೆ. ನಾವೇ ಫಾಂಟ್ ಹೇಳದಿದ್ದರೆ ಒಂದೊಂದು ಫೋನಿನಲ್ಲಿ ಒಂದೊಂದು ಥರ ಕಾಣುತ್ತದೆ. ನಾನು ನೋಟೋ ಸೆರಿಫ್ ಕನ್ನಡ ಹಾಕಿದೆ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದ ಹಾಗೆ ಸಾಲುಗಳ ನಡುವಿನ ಅಂತರ ಹೆಚ್ಚಿಸಿದೆ. ವೇರಿಯಬಲ್ ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಟ್ಟೆ. ಇನ್ನೊಂದು ಎಚ್ಚರಿಕೆ. ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಗುರುತುಗಳು ಬರುತ್ತವೆ. ಮೊದಲು ಯೂನಿಕೋಡಿಗೆ ಬದಲಾಯಿಸಿಕೊಳ್ಳಿ.

ಫೋನಿನಲ್ಲಿ ಆಟ ಆಡುವುದು ಸುಲಭ, ಬರೆಯುವುದು ಕಷ್ಟ. ಸಣ್ಣ ಪರದೆಯಲ್ಲಿ ಚೀಟಿಗಳನ್ನು ಎಳೆದಾಡಿ ನನಗೆ ಸಾಕಾಯಿತು. ಲ್ಯಾಪ್‌ಟಾಪ್ ಇಲ್ಲದ ವಿದ್ಯಾರ್ಥಿಗಳು ನಮ್ಮ ಕಡೆ ಬಹಳ ಜನ ಇದ್ದಾರೆ. ಟ್ವೈನ್ ಮೇಲೆ ನನಗಿರುವ ದೊಡ್ಡ ಬೇಜಾರು ಇದೊಂದೇ.

ಹಂಚಿಕೊಳ್ಳುವುದರಲ್ಲಿ ಮಾತ್ರ ಇದರ ಸಮ ಇಲ್ಲ. ಇಡೀ ಆಟ ಒಂದೇ ಎಚ್‌ಟಿಎಂಎಲ್ ಫೈಲ್ ಆಗಿ ಹೊರಬರುತ್ತದೆ. ಚಿತ್ರ ಇಲ್ಲದ ನನ್ನ ಆಟ ಒಂದು ಎಂಬಿಯೂ ಇಲ್ಲ. ವಾಟ್ಸಾಪಿನಲ್ಲಿ ಕಳಿಸಿದೆ, ಬ್ರೌಸರಿನಲ್ಲಿ ತೆರೆದು ಆಡಿದರು. ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಆಡುವಾಗ ನೆಟ್ ಇಲ್ಲದಿದ್ದರೂ ಕಥೆ ನಿಲ್ಲುವುದಿಲ್ಲ.

ಈಗ ಊರಿನಲ್ಲಿ ತಮ್ಮ ಓದುತ್ತಾನೆ, ಅಜ್ಜಿ ಆಯ್ಕೆ ಹೇಳುತ್ತಾಳೆ. ನಾನು ಪಕ್ಕದಲ್ಲಿ ಇರುವುದಿಲ್ಲ. ಮೊನ್ನೆ ರಾತ್ರಿ ಒಂಬತ್ತಕ್ಕೆ ಅಜ್ಜಿಯ ಫೋನ್ ಬಂತು.

"ಗಂಡನ ಮುಂದೆ ನೀರಿಟ್ಟು ಕೊಡ ಮೂಲೇಲಿ ಇಳಿಸಿದ್ಲಲ್ಲವ್ವ?"

"ಹೌದಜ್ಜಿ."

"ಮತ್ತೆ ಕಿಂಡಿ ತಾವ ಸೊಂಟದ ಮ್ಯಾಲೆ ಅದೇ ಕೊಡ ಐತೆ ಅಂತ ಓದಿದ್ನಲ್ಲ ಇವನು. ಅದು ಹೆಂಗೆ ಬಂತು?"

ತೆರೆದು ನೋಡಿದೆ. ಅವಳು ಹೇಳಿದ್ದು ಸರಿ. ನೀರಿಡುವ ಚೀಟಿಯನ್ನು ಆಮೇಲೆ ಸೇರಿಸಿದ್ದಲ್ಲವಾ, ಅಲ್ಲಿ ಕೊಡ ಇಳಿಸಿದ್ದನ್ನು ವೇರಿಯಬಲ್ಲಿಗೆ ಹೇಳಲು ಮರೆತಿದ್ದೆ. ಒಂದು ಸಾಲಿನ ಕೆಲಸ. ನಾಳೆ ಸರಿಮಾಡಿ ತಮ್ಮನಿಗೆ ಹೊಸ ಫೈಲ್ ಕಳಿಸುತ್ತೇನೆ ಅಂತ ಅಜ್ಜಿಗೆ ಹೇಳಿದ್ದೇನೆ.